ಕತ್ತೆಗೂ ಒಂದು ಅಳತೆ ಇದೆ



ಕತ್ತೆ ಯಾರಿಗೆ ಗೊತ್ತಿಲ್ಲ? ಹೊಳೆಯ ದಾರಿಯಲ್ಲಿ ಬಟ್ಟೆಗಂಟು ಹೊತ್ತು ಹೋಗುವ ಕತ್ತೆಯನ್ನು ನಾವು ನೋಡಿದ್ದೇವೆ. ಮರಳು, ಇಟ್ಟಿಗೆ, ಮಣ್ಣು ಹೊರುವ ಕತ್ತೆಯನ್ನೂ ನೋಡಿದ್ದೇವೆ. ಆದರೆ ಕತ್ತೆಯ ಹೆಸರು ನಮ್ಮ ಬಾಯಲ್ಲಿ ಬರೋದು ಬೈಯೋದಕ್ಕೆ ಮಾತ್ರ. ಮಗ ಹೇಳಿದ ಮಾತು ಕೇಳದಿದ್ದರೆ "ಕತ್ತೆ" ಅಂತೀವಿ. ದುಡಿದು ದುಡಿದು ಸಾಕಾದಾಗ "ನಂದು ಕತ್ತೆ ಚಾಕರಿ" ಅಂತೀವಿ.

ಈ ಪಾಠ ಕತ್ತೆಯ ಬಗ್ಗೆ. "ಅಯ್ಯೋ, ಅಕ್ಷರ ಕಲಿತು ಕತ್ತೆ ವಿಷಯ ಓದೋದಾ?" ಅಂತ ನಗಬೇಡಿ. ಕೊನೆಯವರೆಗೆ ಓದಿ. ಇದರಲ್ಲಿ ನಮ್ಮ ವಿಷಯವೂ ಇದೆ.

ಕತ್ತೆ ಎಲ್ಲಿಂದ ಬಂತು?

ಕತ್ತೆಯ ತವರು ಆಫ್ರಿಕಾ ಖಂಡ. ಅಲ್ಲಿನ ಬಿಸಿಲಿನ ಸೀಮೆಯಲ್ಲಿ ಕಾಡುಕತ್ತೆಗಳು ಇದ್ದವು. ಸುಮಾರು 7,000 ವರ್ಷಗಳ ಹಿಂದೆ ಜನ ಅವನ್ನು ಹಿಡಿದು ಪಳಗಿಸಿದರು. ಅಲ್ಲಿಂದ ಕತ್ತೆ ನಾನಾ ದೇಶಗಳಿಗೆ ಹೋಯಿತು.

ಅಮೇರಿಕಾ ಖಂಡದಲ್ಲಿ ಮೊದಲು ಕತ್ತೆ ಇರಲಿಲ್ಲ. ಸ್ಪೇನ್ ದೇಶದವರು ಸುಮಾರು 500 ವರ್ಷಗಳ ಹಿಂದೆ ಹಡಗಿನಲ್ಲಿ ತಂದರು. ಸ್ಪೇನಿನ ಭಾಷೆಯಲ್ಲಿ ಕತ್ತೆಗೆ "ಬುರ್ರೊ" ಅಂತಾರೆ. ಅಮೇರಿಕಾದ ಪಶ್ಚಿಮದ ಕಡೆ ಇವತ್ತಿಗೂ ಕತ್ತೆಯನ್ನು ಹಾಗೇ ಕರೀತಾರೆ.

ಆ ಸೀಮೆಯ ಬೆಟ್ಟಗಳಲ್ಲಿ ಚಿನ್ನ, ಬೆಳ್ಳಿ ಸಿಕ್ಕಿತು. ಜನ ಗಣಿ ತೋಡಲು ಹೋದರು. ಬೆಟ್ಟಕ್ಕೆ ಗಾಡಿ ಹೋಗುವ ದಾರಿ ಇರಲಿಲ್ಲ. ಹಿಟ್ಟು, ಗುದ್ದಲಿ, ಪಾತ್ರೆ ಎಲ್ಲವನ್ನೂ ಕತ್ತೆಯೇ ಹೊತ್ತಿತು. ಕೆಳಗೆ ಬರುವಾಗ ಗಣಿಯ ಕಲ್ಲು ಹೊತ್ತು ತಂದಿತು.

ಆಮೇಲೆ ರೈಲು ಬಂತು, ಲಾರಿ ಬಂತು. ಕತ್ತೆ ಯಾರಿಗೂ ಬೇಡವಾಯಿತು. ಎಷ್ಟೋ ಜನ ಕತ್ತೆಗಳನ್ನು ಬಯಲಿಗೆ ಬಿಟ್ಟು ಹೊರಟುಹೋದರು. ಅವು ಕಾಡು ಸೇರಿ ಮರಿ ಹಾಕಿದವು. ಕೊನೆಗೆ 1971ರಲ್ಲಿ ಅಮೇರಿಕಾ ಸರ್ಕಾರ ಅವುಗಳ ರಕ್ಷಣೆಗೆ ಒಂದು ಕಾನೂನನ್ನೇ ಮಾಡಬೇಕಾಯಿತು.

ಮಕ್ಕಳ ಜೊತೆ ಬೆಟ್ಟ ಹತ್ತುವ ಕತ್ತೆ

ಅಮೇರಿಕಾದಲ್ಲಿ ನ್ಯೂ ಮೆಕ್ಸಿಕೊ ಅನ್ನುವ ರಾಜ್ಯ ಇದೆ. ಅಲ್ಲಿ ಸಿಮರಾನ್ ಅನ್ನುವ ಸಣ್ಣ ಊರು. ಊರ ಹತ್ತಿರ ದೊಡ್ಡ ಬೆಟ್ಟಸಾಲು. ಆ ಜಾಗದ ಹೆಸರು ಫಿಲ್ಮಾಂಟ್.

ನಮ್ಮ ಶಾಲೆಗಳಲ್ಲಿ ಸ್ಕೌಟ್ ಮತ್ತು ಗೈಡ್ ಮಕ್ಕಳು ಇರ್ತಾರಲ್ಲ, ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು? ಅಂಥ ಸ್ಕೌಟ್ ಮಕ್ಕಳು ಆ ದೇಶದಲ್ಲೂ ಇದ್ದಾರೆ. ಫಿಲ್ಮಾಂಟ್ ಅವರ ಬೆಟ್ಟ. ವೇಟ್ ಫಿಲಿಪ್ಸ್ ಅನ್ನುವ ಎಣ್ಣೆಬಾವಿಗಳ ಸಾಹುಕಾರರು ಈ ಜಮೀನನ್ನು ಸ್ಕೌಟ್ ಸಂಸ್ಥೆಗೆ ದಾನ ಕೊಟ್ಟರು. 1938ರಲ್ಲಿ ಒಂದು ಸಲ, 1941ರಲ್ಲಿ ಇನ್ನೊಂದು ಸಲ. ಎರಡೂ ಸೇರಿ ಸುಮಾರು 1,27,000 ಎಕರೆ. ಅಲ್ಲಿನ ಎತ್ತರದ ಬೆಟ್ಟ 12,441 ಅಡಿ. ನಮ್ಮ ಮುಳ್ಳಯ್ಯನಗಿರಿಯ ಹತ್ತಿರ ಹತ್ತಿರ ಎರಡರಷ್ಟು ಎತ್ತರ.

ಪ್ರತಿ ಬೇಸಿಗೆ ರಜೆಯಲ್ಲಿ ಮಕ್ಕಳು ಇಲ್ಲಿಗೆ ಬರುತ್ತಾರೆ. ಸಾಮಾನ್ಯವಾಗಿ 14 ವರ್ಷ ಆದವರು, ಅದಕ್ಕಿಂತ ದೊಡ್ಡವರು. ಮೊದಲು ಗಂಡುಹುಡುಗರದೇ ಸಂಸ್ಥೆ ಆಗಿತ್ತು. ಈಗ ಹುಡುಗಿಯರೂ ಬರುತ್ತಾರೆ. ಹತ್ತು ಹನ್ನೆರಡು ಜನರ ಒಂದೊಂದು ತಂಡ. ಜೊತೆಗೆ ದೊಡ್ಡವರು ಇರುತ್ತಾರೆ. ಹನ್ನೆರಡು ದಿನದವರೆಗೂ ಬೆಟ್ಟದಲ್ಲಿ ನಡೆಯುತ್ತಾರೆ. ಇಂಥ ನಡಿಗೆಗೆ ಚಾರಣ ಅಂತ ಹೆಸರು. ಮಲಗುವ ಡೇರೆ, ಅಡುಗೆ ಪಾತ್ರೆ, ಆಹಾರ, ನೀರು ಎಲ್ಲವನ್ನೂ ಹೊತ್ತೇ ನಡೆಯಬೇಕು.

ಕೆಲವು ತಂಡಗಳು ದಾರಿಯ ಒಂದು ಭಾಗದಲ್ಲಿ ಕತ್ತೆಯನ್ನು ಕರೆದುಕೊಂಡು ಹೋಗುತ್ತವೆ. ಬೆಟ್ಟದ ಒಂದು ಠಾಣೆಯಲ್ಲಿ ಕತ್ತೆ ಸಿಗುತ್ತದೆ. ಇನ್ನೊಂದು ಠಾಣೆಯಲ್ಲಿ ಬಿಟ್ಟು ಮುಂದೆ ಹೋಗಬೇಕು. ಕತ್ತೆಯ ಮೇಲೆ ಯಾರೂ ಕೂರುವ ಹಾಗಿಲ್ಲ. ಅದು ಸಾಮಾನು ಹೊರುತ್ತದೆ, ಮಕ್ಕಳು ಪಕ್ಕದಲ್ಲಿ ನಡೆಯುತ್ತಾರೆ.

ಈ ಮಕ್ಕಳಲ್ಲಿ ಹಲವರು ಪಟ್ಟಣದವರು. ಕತ್ತೆಯ ಹಗ್ಗ ಹಿಡಿದು ಗೊತ್ತಿಲ್ಲ. ಅದಕ್ಕೇ ಮೊದಲು ಪಾಠ. ಆಮೇಲೆ ಹೇರು.

ಎಷ್ಟು ಹೊರಿಸಬಹುದು?

ಕತ್ತೆಗೆ ಹೇರು ಹೊರಿಸುವವರು ಬಹಳ ಕಡೆ ಪಾಲಿಸುವ ಒಂದು ಲೆಕ್ಕ ಇದೆ. ಕತ್ತೆಯ ಮೈತೂಕವನ್ನು ನಾಲ್ಕು ಪಾಲು ಮಾಡಿ. ಅದರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೊರಿಸಬೇಡಿ.

ಕತ್ತೆ 200 ಕಿಲೋ ತೂಗಿದರೆ ಹೇರು 50 ಕಿಲೋ.
ಕತ್ತೆ 120 ಕಿಲೋ ತೂಗಿದರೆ ಹೇರು 30 ಕಿಲೋ.

ಬೆಟ್ಟದ ಏರು ಇದ್ದರೆ ಇನ್ನೂ ಕಡಿಮೆ. ಮುದಿ ಕತ್ತೆ ಆದರೆ, ಬಡಕಲು ಆದರೆ ಇನ್ನೂ ಕಡಿಮೆ. ಗಬ್ಬದ ಕತ್ತೆಗೆ ಭಾರ ಹೊರಿಸಬಾರದು. ಕತ್ತೆ ಸುಮಾರು 12 ತಿಂಗಳು ಹೊಟ್ಟೆಯಲ್ಲಿ ಮರಿ ಹೊರುತ್ತದೆ. ಅದೇ ಒಂದು ಹೊರೆ, ಅಲ್ವಾ?

ಇಷ್ಟು ಲೆಕ್ಕ ಯಾಕೆ? ಕಾರಣ ಇದೆ. ನಾಯಿಗೆ ನೋವಾದರೆ ಕುಂಯ್ ಅನ್ನುತ್ತದೆ. ಕತ್ತೆ ಹಾಗಲ್ಲ. ನೋವನ್ನು ನುಂಗಿಕೊಂಡು ನಿಲ್ಲುತ್ತದೆ. ಕಾಡಿನಲ್ಲಿ ಇದ್ದ ಕಾಲದಿಂದ ಬಂದ ಬುದ್ಧಿ ಅದು. ನೋವು ತೋರಿಸಿದ ಪ್ರಾಣಿಯ ಮೇಲೇ ಹುಲಿ ಸಿಂಹ ಮೊದಲು ಬೀಳುವುದು. ಹಾಗಾಗಿ ಕತ್ತೆ ಸುಮ್ಮನಿದೆ ಅಂದರೆ ಭಾರ ಸರಿಯಾಗಿದೆ ಅಂತ ಅರ್ಥ ಅಲ್ಲ. ಹೊರುವ ಕತ್ತೆ "ಸಾಕು" ಅನ್ನೋದಿಲ್ಲ. "ಸಾಕು" ಅನ್ನಬೇಕಾದವರು ಹೊರಿಸುವವರು.

ಹೇರು ಕಟ್ಟುವ ಕ್ರಮ

1. ಮೊದಲು ಕತ್ತೆಯ ಹತ್ತಿರ ನಿಧಾನವಾಗಿ ಹೋಗಿ. ಮುಂದಿನಿಂದ, ಪಕ್ಕದಿಂದ ಹೋಗಿ. ಮಾತಾಡಿಸುತ್ತಾ ಹೋಗಿ. "ಕತ್ತೆ ಹಿಂದೆ, ಸಾಹೇಬರ ಮುಂದೆ ಹೋಗಬಾರದು" ಅಂತ ನಮ್ಮ ಹಿರಿಯರು ಹೇಳಿದ್ದು ಸುಳ್ಳಲ್ಲ. ಹಿಂದೆ ಹೋದರೆ ಬೆದರಿ ಒದೆಯುತ್ತದೆ.

2. ಬೆನ್ನು, ಹೊಟ್ಟೆ ಚೆನ್ನಾಗಿ ಉಜ್ಜಿ. ಒಂದು ಸಣ್ಣ ಕಲ್ಲು, ಒಂದು ಮುಳ್ಳು ಉಳಿದರೂ ಸಾಕು. ಭಾರ ಬಿದ್ದ ಮೇಲೆ ಅಲ್ಲೇ ಹುಣ್ಣು ಆಗುತ್ತದೆ. ನಾಲ್ಕೂ ಗೊರಸು ಎತ್ತಿ ನೋಡಿ. ಕಲ್ಲು ಸಿಕ್ಕಿಕೊಂಡಿದ್ದರೆ ತೆಗೆಯಿರಿ.

3. ಬೆನ್ನ ಮೇಲೆ ದಪ್ಪ ಕಂಬಳಿ ಹಾಸಿ. ಒದ್ದೆ ಇರಬಾರದು, ಮಡಿಕೆ ಇರಬಾರದು. ಅದರ ಮೇಲೆ ಮರದ ಜೀನು. ಭಾರ ಬೆನ್ನುಮೂಳೆಯ ಮೇಲೆ ಕೂರಬಾರದು. ಎರಡೂ ಪಕ್ಕೆಗಳ ಮೇಲೆ ಹಂಚಿ ಹೋಗಬೇಕು. ಅದಕ್ಕೇ ಜೀನು ಬೇಕು.

4. ಹೊಟ್ಟೆಯ ಕೆಳಗೆ ಪಟ್ಟಿ ಬಿಗಿಯಿರಿ. ಬಿಗಿಯುವಾಗ ಎಷ್ಟೋ ಕತ್ತೆಗಳು ಉಸಿರು ತುಂಬಿ ಹೊಟ್ಟೆ ಉಬ್ಬಿಸುತ್ತವೆ. ಆಮೇಲೆ ಪಟ್ಟಿ ಸಡಿಲ ಆಗುತ್ತದೆ. ಹಾಗಾಗಿ ಸ್ವಲ್ಪ ದೂರ ನಡೆಸಿ ಮತ್ತೆ ನೋಡಬೇಕು.

5. ಎರಡು ಚೀಲಗಳನ್ನು ತಕ್ಕಡಿಯಲ್ಲಿ ತೂಗಿ. ಎಡಗಡೆ ಎಷ್ಟೋ ಬಲಗಡೆ ಅಷ್ಟೇ. ಒಂದು ಕಡೆ ಜಾಸ್ತಿ ಆದರೆ ಜೀನು ವಾಲುತ್ತದೆ, ಚರ್ಮ ಕಿತ್ತು ಬರುತ್ತದೆ. ಭಾರದ ಸಾಮಾನು ಕೆಳಗೆ, ಹಗುರದ್ದು ಮೇಲೆ.

6. ಮೇಲೆ ಟಾರ್ಪಾಲು ಹೊದಿಸಿ ಹಗ್ಗ ಕಟ್ಟಿ. ಫಿಲ್ಮಾಂಟಿನಲ್ಲಿ ಮಕ್ಕಳಿಗೆ ಒಂದು ವಿಶೇಷ ಕಟ್ಟು ಕಲಿಸುತ್ತಾರೆ. ಹಗ್ಗ ಬಿಗಿದ ಮೇಲೆ ಹೇರಿನ ನೆತ್ತಿಯಲ್ಲಿ ಶಂಕರಪೋಳಿಯ ಆಕಾರ ಮೂಡುತ್ತದೆ. ನಾಲ್ಕು ಮೂಲೆಗೂ ಹಗ್ಗ ಒಂದೇ ಸಮ ಎಳೆಯುತ್ತದೆ. ಕತ್ತೆ ಏರು ಹತ್ತಿದರೂ ಇಳಿದರೂ ಹೇರು ಜಾರುವುದಿಲ್ಲ. ಇಬ್ಬರು ಎರಡು ಕಡೆ ನಿಂತು ಕಟ್ಟಿದರೆ ಸುಲಭ.

ಕತ್ತೆಗೆ ಹಟ ಜಾಸ್ತಿಯಾ?

ಹೇರು ಕಟ್ಟಿ ಆಯಿತು. ಒಬ್ಬರು ಹಗ್ಗ ಹಿಡಿದು ಮುಂದೆ ನಡೆಯುತ್ತಾರೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಕತ್ತೆ ಬೆದರಿ ಓಡಿದರೆ ಕೈ ಮುರಿಯುತ್ತದೆ. ಎಮ್ಮೆ, ದನ ಹಿಡಿಯುವಾಗಲೂ ಈ ಮಾತು ನೆನಪಿರಲಿ.

ಅರ್ಧ ದಾರಿಯಲ್ಲಿ ಒಂದು ಸಣ್ಣ ಹಳ್ಳ ಬರುತ್ತದೆ. ಕತ್ತೆ ಅಲ್ಲೇ ನಿಂತುಬಿಡುತ್ತದೆ. ಮುಂದೆ ಎಳೆದರೂ ಇಲ್ಲ, ಹಿಂದೆ ತಳ್ಳಿದರೂ ಇಲ್ಲ. "ಎಂಥಾ ಹಟದ ಕತ್ತೆ!" ಅಂತ ಮಕ್ಕಳಿಗೆ ಸಿಟ್ಟು ಬರುತ್ತದೆ.

ಅದು ಹಟ ಅಲ್ಲ. ಕುದುರೆಗೆ ಹೆದರಿಕೆ ಆದರೆ ಓಡುತ್ತದೆ. ಕತ್ತೆಗೆ ಹೆದರಿಕೆ ಆದರೆ ನಿಲ್ಲುತ್ತದೆ. ನಿಂತು ಯೋಚನೆ ಮಾಡುತ್ತದೆ. ಹಳ್ಳದ ತಳ ಅದಕ್ಕೆ ಕಾಣುವುದಿಲ್ಲ. ಕಾಲು ಇಟ್ಟರೆ ಮುಳುಗುತ್ತೇನೋ ಏನೋ ಅಂತ ನೋಡುತ್ತದೆ. ಕಲ್ಲಿನ ಬೆಟ್ಟದಲ್ಲಿ ಬೆಳೆದ ಪ್ರಾಣಿ ಅದು. ಕಾಣದ ಜಾಗದಲ್ಲಿ ಕಾಲಿಟ್ಟರೆ ಬದುಕುವುದು ಹೇಗೆ?

ಆಗ ಏನು ಮಾಡಬೇಕು? ಹೊಡೆಯಬಾರದು. ಹೊಡೆದರೆ ಹೆದರಿಕೆ ಇಮ್ಮಡಿ ಆಗುತ್ತದೆ. ಒಬ್ಬರು ಮುಂದೆ ಹಳ್ಳಕ್ಕೆ ಇಳಿದು ನಿಲ್ಲಬೇಕು. ಹಗ್ಗ ಸಡಿಲ ಬಿಡಬೇಕು. ಸ್ವಲ್ಪ ಹೊತ್ತು ಕಾಯಬೇಕು. ಕತ್ತೆ ಮೂಸಿ ನೋಡುತ್ತದೆ. ಕಿವಿ ಮುಂದೆ ಮಾಡುತ್ತದೆ. ಆಮೇಲೆ ತಾನೇ ಕಾಲಿಡುತ್ತದೆ. ಜೊತೆಗೆ ಇನ್ನೊಂದು ಕತ್ತೆ ಇದ್ದು ಅದು ದಾಟಿದರೆ ಇದೂ ಹಿಂದೆಯೇ ದಾಟುತ್ತದೆ. ಕತ್ತೆಗೆ ಜೊತೆಗಾತಿ ಬೇಕು. ಒಂಟಿ ಕತ್ತೆ ಕೊರಗುತ್ತದೆ.

ಒಂದು ಸಲ ನಡೆದ ದಾರಿಯನ್ನು ಕತ್ತೆ ಬಹಳ ಕಾಲ ಮರೆಯುವುದಿಲ್ಲ. ಹೊಡೆತವನ್ನೂ ಮರೆಯುವುದಿಲ್ಲ. ಇಂಥ ಪ್ರಾಣಿಯನ್ನು ದಡ್ಡ ಅಂತ ಬೈಯೋದು ಸರಿಯಾ? ನೀವೇ ಹೇಳಿ.

ಸಂಜೆಯ ಕೆಲಸ

ಸಂಜೆ ತಂಡ ಬೀಡು ಬಿಡುತ್ತದೆ. ಎಲ್ಲರಿಗೂ ಸುಸ್ತು, ಎಲ್ಲರಿಗೂ ಹಸಿವು. ಆದರೂ ಮೊದಲ ಕೆಲಸ ಕತ್ತೆಯದು. ಹೇರು ಇಳಿಸಬೇಕು. ನೀರು ಕುಡಿಸಬೇಕು. ಮೇವು ಹಾಕಬೇಕು. ಬೆನ್ನು ಉಜ್ಜಿ ನೋಡಬೇಕು. ಎಲ್ಲಾದರೂ ಕೂದಲು ಕಿತ್ತಿದೆಯಾ? ಊದಿದೆಯಾ? ಮುಟ್ಟಿದರೆ ಸರಿಯುತ್ತದಾ? ಹಾಗಿದ್ದರೆ ನಾಳೆ ಆ ಕತ್ತೆಗೆ ಹೇರು ಇಲ್ಲ. ಮಕ್ಕಳೇ ಹಂಚಿಕೊಂಡು ಹೊರಬೇಕು.

ಕತ್ತೆ ಬೇಲಿಯೊಳಗೆ ಸೇರಿದ ಮೇಲೆ ಮಕ್ಕಳ ಅಡುಗೆ. ಆ ಬೆಟ್ಟದಲ್ಲಿ ಕರಡಿ ಇದೆ. ವಾಸನೆ ಬರುವ ಸಾಮಾನು, ಆಹಾರ, ಸಾಬೂನು ಎಲ್ಲವನ್ನೂ ಚೀಲಕ್ಕೆ ಹಾಕಿ ಎತ್ತರದಲ್ಲಿ ಹಗ್ಗಕ್ಕೆ ನೇತುಹಾಕಿ ಮಲಗುತ್ತಾರೆ.

ಇಷ್ಟು ಕಷ್ಟ ಯಾಕೆ? ಜೀಪಿನಲ್ಲಿ ಸಾಮಾನು ಕಳಿಸಬಹುದಲ್ಲ? ಕಳಿಸಬಹುದು. ಆದರೆ ಕತ್ತೆಯ ಜೊತೆ ನಡೆದ ಮಗು ಒಂದು ವಿಷಯ ಕಲಿಯುತ್ತದೆ. ತನ್ನ ಸಾಮಾನು ಬೇರೆ ಯಾರೋ ಹೊರುತ್ತಿದ್ದಾರೆ ಅಂದರೆ ಅವರ ಬೆನ್ನನ್ನು ತಾನು ನೋಡಬೇಕು. ಜೀಪು ಇದನ್ನು ಕಲಿಸುವುದಿಲ್ಲ.

ನಮ್ಮ ದೇಶದಲ್ಲೂ ನಿಯಮ ಇದೆ

ಫಿಲ್ಮಾಂಟಿನಲ್ಲಿ ಕತ್ತೆ ಮಕ್ಕಳಿಗೆ ಪಾಠ. ನಮ್ಮಲ್ಲಿ ಕತ್ತೆ ಬಡವರ ಅನ್ನ. ಸಾಕಿದವರು ಹಣವಂತರಲ್ಲ. ಒಂದು ಸಲ ಜಾಸ್ತಿ ಹೊರಿಸಿದರೆ ಒಂದು ಸಲ ತಿರುಗಾಟ ಉಳಿಯುತ್ತದೆ ಅಂತ ಅನ್ನಿಸುವುದು ಸಹಜ. ಆದರೆ ಬೆನ್ನು ಹುಣ್ಣಾದರೆ ಎಷ್ಟೋ ದಿನ ದುಡಿಮೆ ನಿಲ್ಲುತ್ತದೆ. ಚೆನ್ನಾಗಿ ನೋಡಿಕೊಂಡ ಕತ್ತೆ 25, 30 ವರ್ಷ ಬದುಕುತ್ತದೆ.

ನಮ್ಮ ದೇಶದಲ್ಲಿ ಕತ್ತೆಗಳೇ ಕಡಿಮೆ ಆಗುತ್ತಿವೆ. 2012ರ ಜಾನುವಾರು ಗಣತಿಯಲ್ಲಿ ಸುಮಾರು 3 ಲಕ್ಷ 20 ಸಾವಿರ ಇದ್ದವು. 2019ರ ಗಣತಿಯಲ್ಲಿ ಸುಮಾರು 1 ಲಕ್ಷ 20 ಸಾವಿರ ಮಾತ್ರ.

ಹೊರುವ ಪ್ರಾಣಿಗಳಿಗಾಗಿ ಭಾರತ ಸರ್ಕಾರ 1965ರಲ್ಲಿ ನಿಯಮ ಮಾಡಿದೆ. ಅದರಲ್ಲಿ ಹೀಗಿದೆ:

ಕತ್ತೆಗೆ 50 ಕಿಲೋಗಿಂತ ಹೆಚ್ಚು ಹೊರಿಸಬಾರದು.
ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸಬಾರದು.
ಬಿಡುವು ಕೊಡದೆ ಒಂದೇ ಸಮ 5 ಗಂಟೆಗಿಂತ ಹೆಚ್ಚು ದುಡಿಸಬಾರದು.
ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಬಾರದು.

50 ಕಿಲೋ ಅನ್ನೋದು ಕೊನೆಯ ಗೆರೆ. ನಮ್ಮ ಕಡೆಯ ಕತ್ತೆ ಚಿಕ್ಕದು. ಅದಕ್ಕೆ ಅಷ್ಟೂ ಹೊರಿಸಬೇಕು ಅಂತಲ್ಲ. ನಾಲ್ಕನೇ ಒಂದು ಪಾಲಿನ ಲೆಕ್ಕ ನೆನಪಿಡಿ.

ಬೆನ್ನು ಹುಣ್ಣಾಗಿದ್ದರೆ ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆಯಿರಿ. ವಾಸಿಯಾಗುವವರೆಗೆ ಹೇರು ಹಾಕಬೇಡಿ. ಪಶು ಆಸ್ಪತ್ರೆಗೆ ತೋರಿಸಿ. ಪಶು ವೈದ್ಯರ ಸಹಾಯಕ್ಕೆ 1962 ಸಂಖ್ಯೆಗೆ ಫೋನ್ ಮಾಡಬಹುದು. ಮನೆಯಲ್ಲಿ ಕತ್ತೆ ಇಲ್ಲವಾ? ಇರುವವರಿಗೆ ಇದನ್ನು ಓದಿ ಹೇಳಿ.

ನಮ್ಮ ಹೊರೆಯ ಲೆಕ್ಕ

ಈಗ ನಮ್ಮ ವಿಷಯ.

ಫಿಲ್ಮಾಂಟಿಗೆ ಹೋಗುವ ಮಕ್ಕಳ ಬೆನ್ನಿನ ಚೀಲಕ್ಕೂ ಒಂದು ಅಳತೆ ಇದೆ. ಮೈತೂಕದ ನಾಲ್ಕನೇ ಒಂದು ಪಾಲು, ಹೆಚ್ಚೆಂದರೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಹೊರಡುವ ಮೊದಲು ಚೀಲ ತೂಗಿ ನೋಡುತ್ತಾರೆ.

ಕತ್ತೆಗೆ ಲೆಕ್ಕ ಇದೆ. ಮಕ್ಕಳಿಗೆ ಲೆಕ್ಕ ಇದೆ. ನಮಗೆ?

ಒಬ್ಬ ಹೆಂಗಸಿನ ತೂಕ 48 ಕಿಲೋ ಅಂತ ಇಟ್ಟುಕೊಳ್ಳಿ. ನಾಲ್ಕನೇ ಒಂದು ಪಾಲು 12 ಕಿಲೋ. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. 15 ಲೀಟರ್ ಹಿಡಿಯುವ ಕೊಡ ತುಂಬಿದರೆ 15 ಕಿಲೋ. ಒಂದು ಕೊಡಕ್ಕೇ ಗೆರೆ ದಾಟಿತು. ತಲೆಯ ಮೇಲೆ ಒಂದು, ಸೊಂಟದ ಮೇಲೆ ಒಂದು ಆದರೆ 30 ಕಿಲೋ. ಸೌದೆ ಹೊರೆಯನ್ನು ನಾವು ಯಾವತ್ತಾದರೂ ತೂಗಿದ್ದೇವಾ? ಗಬ್ಬದ ಕತ್ತೆಗೆ ಭಾರ ಬೇಡ ಅಂತ ಓದಿದೆವು. ಬಸುರಿ ಸೊಸೆ ಕೊಡ ಹೊತ್ತು ಬರುವಾಗ ಯಾರು ತಕ್ಕಡಿ ಹಿಡಿಯುತ್ತಾರೆ?

"ಹೊರದಿದ್ದರೆ ಮನೆ ನಡೀಬೇಕಲ್ಲ" ಅಂತೀರಿ. ನಿಜ. ನಲ್ಲಿ ಮನೆಗೆ ಬರುವವರೆಗೆ, ಒಲೆಗೆ ಗ್ಯಾಸ್ ಬರುವವರೆಗೆ ಹೊರಲೇಬೇಕು. ಆದರೆ ಹೊರೆಯನ್ನು ಹಂಚಬಹುದು. ಸೈಕಲ್ಲಿಗೆ ಎರಡು ಕೊಡ ಕಟ್ಟಿಕೊಂಡು ಗಂಡ ತರಬಹುದು. ಮಗಳು ಹೊತ್ತರೆ ಮಗನೂ ಹೊರಬಹುದು. ದೊಡ್ಡ ಕೊಡದ ಬದಲು ಚಿಕ್ಕ ಕೊಡ ಹಿಡಿಯಬಹುದು. ನೀರಿನ ನಲ್ಲಿ ಹತ್ತಿರ ಬೇಕು ಅಂತ ಗ್ರಾಮಸಭೆಯಲ್ಲಿ ಕೇಳಬಹುದು. ಅರ್ಜಿ ಬರೆಯೋಕೆ ಈಗ ನಮಗೆ ಬರುತ್ತದೆ.

ಕತ್ತೆ ಬಾಯಿ ಬಿಟ್ಟು ಹೇಳುವುದಿಲ್ಲ. ಅದಕ್ಕೆ ಮಾತು ಇಲ್ಲ. ನಮಗೆ ಮಾತು ಇದೆ. ಈಗ ಅಕ್ಷರವೂ ಬಂದಿದೆ, ಅಂಕಿಯೂ ಬಂದಿದೆ. ನಾಳೆ ತಕ್ಕಡಿಯ ಮುಂದೆ ನಿಂತಾಗ ಮುಳ್ಳು ಯಾವ ಅಂಕಿಯ ಮೇಲೆ ನಿಂತಿತು ಅಂತ ನೀವೇ ಓದಿ.

ಓದಿ, ಮಾತಾಡಿಕೊಳ್ಳಿ

1. ನಿಮ್ಮ ಊರಿನಲ್ಲಿ ಮೊದಲು ಎಷ್ಟು ಕತ್ತೆಗಳಿದ್ದವು? ಈಗ ಎಷ್ಟಿವೆ? ಯಾಕೆ ಕಡಿಮೆ ಆದವು?

2. ಕತ್ತೆ ಹಳ್ಳದ ಹತ್ತಿರ ನಿಂತರೆ ಅದು ಹಟವೋ, ಎಚ್ಚರಿಕೆಯೋ? ಯಾಕೆ?

3. ಎಡಗಡೆಯ ಚೀಲ 12 ಕಿಲೋ. ಬಲಗಡೆಯ ಚೀಲ 16 ಕಿಲೋ. ಎರಡೂ ಸಮ ಆಗಬೇಕು. ಯಾವ ಚೀಲದಿಂದ ಎಷ್ಟು ಕಿಲೋ ತೆಗೆದು ಯಾವ ಚೀಲಕ್ಕೆ ಹಾಕಬೇಕು?

4. ನೀವು ದಿನಕ್ಕೆ ಎಷ್ಟು ಕೊಡ ನೀರು ತರುತ್ತೀರಿ? ಒಟ್ಟು ಎಷ್ಟು ಕಿಲೋ ಆಯಿತು? ಬರೆದು ನೋಡಿ. ಮನೆಯವರಿಗೂ ತೋರಿಸಿ.